ಮಂಗರಾ ಮುಂಡಾನ ತಲೆಯ ಅಳತೆ

"ಮಂಗರಾ ಮುಂಡಾ, ವಯಸ್ಸು ಎಪ್ಪತ್ತೆರಡು. ಮನೇಲಿದ್ದಾರಾ ಕೇಳು," ಎಂದರು ಕಾಲೇಜಿನ ಸಿನ್ಹಾ ಮೇಡಂ, ರೆಕಾರ್ಡ್ ಪುಸ್ತಕದ ಮೊದಲ ಸಾಲಿನ ಮೇಲೆ ಬೆರಳಿಟ್ಟು.

ಅಜ್ಜಿ ಎತ್ವಾರಿ ಆಗಷ್ಟೇ ಮೇಡಂ ಕಾಲಿಗೆ ಚೊಂಬಿನಿಂದ ನೀರು ಹೊಯ್ದು, ತೊಳೆದು, ಅವರನ್ನು ಹಗ್ಗದ ಮಂಚದ ಮೇಲೆ ಕೂರಿಸಿದ್ದಳು. ಅವಳಿಗೆ ಹಿಂದಿ ಬಾರದು, ಮೇಡಂಗೆ ಮುಂಡಾರಿ ಬಾರದು. ನಡುವೆ ನಿಂತವನು ಮೊಮ್ಮಗ ಜುರನ್. ಅವನು ಬಾಯಿ ತೆರೆಯುವ ಮೊದಲೇ ಅಜ್ಜಿಗೆ ಗಂಡನ ಹೆಸರು ಕೇಳಿಸಿತ್ತು.

"ಅವ್ರೆ," ಎಂದಳು, ಒಳಕೋಣೆಯ ಬಾಗಿಲಿನತ್ತ ಗದ್ದ ಎತ್ತಿ. "ಒಳಗವ್ರೆ. ಇನ್ನೆಲ್ಲಿಗೆ ಹೋಗ್ತಾರೆ?"

ಅಜ್ಜಿ ಸುಳ್ಳು ಹೇಳಿರಲಿಲ್ಲ. ಹೋದ ಮಾಘದಲ್ಲಿ ಅಜ್ಜ ಸತ್ತಾಗ ಮಣ್ಣು ಮಾಡಿ, ಕೆಲ ದಿನಗಳ ನಂತರ ಕುಲದವರು ಅವನ ನೆರಳನ್ನು ಹೆಸರು ಹಿಡಿದು ಕರೆದು ಆ ಕೋಣೆಗೆ ತುಂಬಿಸಿಕೊಂಡಿದ್ದರು. ಅಂದಿನಿಂದ ಯಾರು ಉಣ್ಣುವ ಮೊದಲೂ ಅವನ ಹೆಸರಿನಲ್ಲಿ ಒಂದು ಚಿಟಿಕೆ ಅನ್ನ ನೆಲಕ್ಕೆ ಬೀಳುತ್ತಿತ್ತು.

ಸುಳ್ಳು ಹೇಳಿದ್ದವನು ಜುರನ್. ಮಾನವಶಾಸ್ತ್ರದ ಮೊದಲ ವರ್ಷದವರು ತಂತಮ್ಮ ಊರಿನ ಮೂವತ್ತು ಜನರ ತಲೆ, ಮೂಗು ಅಳೆದು ತರಬೇಕಿತ್ತು. ಅಜ್ಜ ಸತ್ತು ಎಂಟು ತಿಂಗಳಾದ ಮೇಲೆ, ದಸರೆಯ ಪೂಜಾ ರಜೆಗೆ ಊರಿಗೆ ಬಂದಾಗ, ಜುರನ್‌ನ ಚೀಲದಲ್ಲಿ ತಲೆ ಅಳೆಯುವ ಕಬ್ಬಿಣದ ಕ್ಯಾಲಿಪರ್ ಇತ್ತು. ಮೂರು ದಿನವೂ ಅದು ಚೀಲದಲ್ಲೇ ಉಳಿಯಿತು. ಅದಕ್ಕೂ ವಾರದ ಹಿಂದೆ ಪ್ರಯೋಗಾಲಯದಲ್ಲಿ ಸಹಪಾಠಿ ಪಿಂಟು ಓಝಾ ಅವನ ಮೂಗು ಅಳೆದು, "ಅಗಲ ಮೂಗು, ಬರ್ಕೊಳ್ಳಿ," ಎಂದು ಕೂಗಿ, ವಾನರನಿಂದ ಮನುಷ್ಯನವರೆಗೆ ಮೇಜಿನ ಮೇಲೆ ಸಾಲಾಗಿಟ್ಟ ಪ್ಲಾಸ್ಟರ್ ಬುರುಡೆಗಳನ್ನು ತೋರಿಸಿ, "ಇವನನ್ನ ಎಷ್ಟನೇದರ ಪಕ್ಕ ಕೂರಿಸೋಣ?" ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು. ಜುರನ್ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಅದೇ ಕಬ್ಬಿಣವನ್ನು ಚಿಕ್ಕಪ್ಪನ ಮುಖಕ್ಕೆ, ಅಜ್ಜಿಯ ಮುಖಕ್ಕೆ ಹಿಡಿಯುವುದಕ್ಕೆ ಅವನಿಂದಾಗಲಿಲ್ಲ.

ಹಾಸ್ಟೆಲಿಗೆ ಮರಳಿ ಒಂದೇ ಮಧ್ಯಾಹ್ನ ಕೂತು ಮೂವತ್ತು ಸಾಲನ್ನೂ ತುಂಬಿದ. ಮನೆಯಲ್ಲಿ ಮೊದಲ ತುತ್ತು ಅಜ್ಜನದು. ಕೈ ಮೊದಲ ಸಾಲನ್ನೂ ಅವನಿಗೇ ಬರೆಯಿತು. ಮಾಡಿದ್ದೇನೆಂದು ಹೊಳೆಯುವ ಹೊತ್ತಿಗೆ ಮಸಿ ಒಣಗಿತ್ತು. ಮೇಡಂ ಪ್ರತಿ ವರ್ಷ ಒಬ್ಬರ ಪುಸ್ತಕ ಎತ್ತಿಕೊಂಡು ಅವರ ಊರಿಗೇ ಹೋಗಿ ಐದು ತಲೆಗಳನ್ನು ಮತ್ತೆ ಅಳೆಯುತ್ತಾರೆಂಬುದು ಅವನಿಗೆ ಗೊತ್ತಿರಲಿಲ್ಲ.

"ಏನಂತೆ? ಮಲಗಿದ್ದಾರಾ?" ಎಂದರು ಮೇಡಂ.

"ಹುಷಾರಿಲ್ಲ ಮೇಡಂ."

ಪೆಟ್ಟಿಗೆ ಹೊತ್ತು ಬಂದಿದ್ದ ಪಿಂಟು, "ತಲೆ ಅಳೆದೂ ಅಳೆದೂ ಇವನೇ ಜ್ವರ ಬರಿಸಿರಬೇಕು," ಎಂದ.

"ಎಬ್ಬಿಸೋದು ಬೇಡಪ್ಪ. ನಾನೇ ಹೋಗ್ತೀನಿ, ಎರಡು ನಿಮಿಷ." ಮೇಡಂ ಕ್ಯಾಲಿಪರ್ ಹಿಡಿದು ಎದ್ದರು.

ಅಜ್ಜಿಯೂ ಎದ್ದಳು. "ಬಾಬೂ, ಆಯಮ್ಮ ಎಲ್ಲಿಗೆ ಹೊಂಟ್ಲು? ನಿನ್ ಸ್ವಂತ ಅತ್ತೇನೇ ಮದ್ವೆ ಆಗಿ ಬೇರೆ ಕುಲಕ್ಕೆ ಹೋದ್ಮೇಲೆ ಅಲ್ಲಿಗೆ ಕಾಲಿಟ್ಟಿಲ್ಲ. ಹೇಳೋ."

ಜುರನ್ ಬಾಗಿಲಿಗೆ ಅಡ್ಡ ನಿಂತ. ಮೇಡಂ ಅವನೆದುರು ಬಂದು ನಿಂತರು.

"ಅಜ್ಜ ತೀರಿಕೊಂಡಿದ್ದಾರೆ ಮೇಡಂ," ಎಂದ. "ಮಾಘದಲ್ಲಿ."

ಮೇಡಂ ಪುಸ್ತಕ ತೆರೆದು ಅಳತೆ ತೆಗೆದ ತಾರೀಕು ನೋಡಿದರು. ಹಾಳೆ ತಿರುವಿ ಮತ್ತೊಂದನ್ನು ನೋಡಿದರು.

"ಇನ್ನುಳಿದ ಇಪ್ಪತ್ತೊಂಬತ್ತು?"

ಅವನು ತನ್ನ ಚಪ್ಪಲಿ ನೋಡುತ್ತಿದ್ದ.

"ಒಂದೂ ಇಲ್ವಾ?"

"ಇಲ್ಲ ಮೇಡಂ."

ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ತಲೆ ಎತ್ತಲಾದರೂ ಆಗುತ್ತಿತ್ತು. "ಇದಕ್ಕೆ ನಾನು ಸಹಿ ಹಾಕಲ್ಲ. ಸಹಿ ಇಲ್ಲದೆ ಪರೀಕ್ಷೆಗೆ ಕೂರಿಸೋಲ್ಲ, ಗೊತ್ತಲ್ಲ. ಮುಂದಿನ ವರ್ಷ ಮೊದಲಿಂದ ಮಾಡು," ಎಂದು ಪುಸ್ತಕವನ್ನು ಮಂಚದ ಮೇಲಿಟ್ಟು, ಅಜ್ಜಿಗೆ ಕೈಮುಗಿದು ಜೀಪಿನತ್ತ ಹೊರಟರು. ಪಿಂಟು ಪೆಟ್ಟಿಗೆಗೆ ಕ್ಯಾಲಿಪರ್ ತುಂಬಿಕೊಳ್ಳುತ್ತ ತಡಮಾಡಿದ. "ಹೇಳಿದ್ರೆ ನಾನೇ ಬಂದು ಅಳೆದು ಕೊಡ್ತಿದ್ನಲ್ಲೋ," ಎಂದ ಮೆಲ್ಲಗೆ. ಅವನು ಅದನ್ನು ಮನಸಾರೆ ಹೇಳುತ್ತಿದ್ದ. ಜುರನ್‌ಗೆ ಅದೇ ಸಹಿಸಲಾಗಲಿಲ್ಲ.

ಜೀಪು ಭತ್ತದ ಕಣ ದಾಟುವವರೆಗೆ ಅಜ್ಜಿ ನೋಡುತ್ತಿದ್ದಳು.

"ಅವ್ರ ಹೆಸ್ರು ಈ ಪುಸ್ತಕದಾಗೆ ಐತಾ?"

"ಐತೆ."

"ಯಾತಕ್ಕೆ?"

"ತಲೆ ಅಳತೆ ಬರೆಯೋಕೆ."

"ನೀನು ಅಳೆದ್ಯಾ? ಯಾವಾಗ?"

"ಪೂಜಾ ರಜೇಲಿ." ಮಾತು ಅವನ ಬಾಯಿಂದ ಜಾರಿಹೋಗಿತ್ತು.

ಅಜ್ಜಿ ಮಂಚದ ಅಂಚಿಗೆ ಕೂತಳು.

"ನಿಂಗೆ ಕಾಣಿಸ್ಕೊಂಡ್ರಾ?" ಎಂದಳು. "ದಿನಾ ಅನ್ನ ಇಕ್ಕೋಳು ನಾನು. ನಂಗೊಂದು ದಿನಾನೂ ಕಾಣಿಸ್ಕೊಂಡಿಲ್ಲ. ಮುದ್ಕಂಗೆ ಮೊಮ್ಮಗನ ಮೇಲೇ ಜೀವ ಅಂತ ನಂಗೆ ಗೊತ್ತಿತ್ತು." ಅವಳು ನಕ್ಕಳು. "ಸೊರಗಿದ್ರಾ?"

ಈಗಷ್ಟೇ ಮೇಡಂ ಮುಂದೆ ನಿಜ ಹೇಳಿದ್ದ ಬಾಯಿ ಅದು. ಒಂದು ವರ್ಷ ಕಳೆದುಕೊಳ್ಳುವ ನಿಜವನ್ನು ಹೇಳಿತ್ತು. ಈ ಮುದುಕಿಯ ಮುಂದೆ ಅದಕ್ಕೆ ನಿಜ ಹೇಳಲಾಗಲಿಲ್ಲ.

"ಇಲ್ಲ. ಹಂಗೇ ಇದ್ರು."

"ತಲೆ ಎಷ್ಟು ಬಂತು?"

ಅವನು ಪುಸ್ತಕ ತೆರೆದ. ಯಾವುದೋ ಒಂದು ಸಂಖ್ಯೆ. ಮುಂದಿನ ಸಾಲಿಗಿಂತ ಬೇರೆ ಇರಲೆಂದು ಬರೆದದ್ದು. "ಹದಿನೆಂಟು ಪಾಯಿಂಟ್ ಆರು ಸೆಂಟಿಮೀಟ್ರು."

"ಅಂಗಂದ್ರೆ ನಂಗೇನು ತಿಳೀತದೆ? ಕೈಯಾಗೆ ತೋರ್ಸು."

ಜುರನ್ ಎರಡು ಅಂಗೈಗಳನ್ನು ಗಾಳಿಯಲ್ಲಿ ಎದುರುಬದುರು ಹಿಡಿದ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡ. ಅಜ್ಜಿ ಆ ನಡುವಿನ ಜಾಗಕ್ಕೆ ತನ್ನ ಅಂಗೈಗಳನ್ನಿಟ್ಟು, ಅವನ ಕೈಗೆ ತಾಗಿಸಿ, ಅಷ್ಟೇ ಅಗಲ ಹಿಡಿದುಕೊಂಡು ಎದ್ದಳು. ಅಳತೆ ಕುಗ್ಗದ ಹಾಗೆ, ಹಿಗ್ಗದ ಹಾಗೆ ನಿಧಾನವಾಗಿ ಹೆಜ್ಜೆಯಿಟ್ಟಳು. ಒಳಕೋಣೆಯ ಕದವನ್ನು ಹೆಗಲಿನಿಂದ ನೂಕಿ, ಕೈಗಳನ್ನು ಹಾಗೇ ಹಿಡಿದುಕೊಂಡು ತಲೆ ತಗ್ಗಿಸಿ ಒಳಗೆ ಹೋದಳು.