ತೂತಿನ ವಾರ

ವೆಂಡಲ್ ಹ್ಯಾಸ್ಕೆಟ್ ಗಾಲ್ಫ್ ಆಡುವುದನ್ನು ನೋಡಿದವರಿಗೆ ಹುಲ್ಲಿನ ಮೇಲೆ ಕನಿಕರ ಹುಟ್ಟುತ್ತಿತ್ತು. ಕೋಲು ಚೆಂಡಿಗಿಂತ ಎರಡು ಅಂಗುಲ ಹಿಂದೆ ನೆಲಕ್ಕೆ ಬೀಳುವುದು, ಮಣ್ಣಿನ ಹೆಂಟೆ ಹಾರುವುದು, ಚೆಂಡು ಇದ್ದಲ್ಲೇ ಇರುವುದು: ಇದು ಅವನ ಆಟ. ನಾಲ್ವರ ಗುಂಪಿನಲ್ಲಿ ಹತ್ತೊಂಬತ್ತು ವರ್ಷದಿಂದ ಕಡೆಯ ಸ್ಥಾನ ಅವನದೇ, ಅದಕ್ಕೆ ಯಾರೂ ಪೈಪೋಟಿಗೆ ಬಂದಿರಲಿಲ್ಲ. ಆದರೂ ಅವನನ್ನು ಬಿಟ್ಟು ಆ ಗುಂಪು ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. ಏಕೆಂದರೆ ಹಸಿರು ಫೈಲು ಇದ್ದದ್ದು ಅವನ ಹತ್ತಿರ.

ಅವರ ಊರಾದ ಸಿಲ್ವರ್ಟನ್ನಿನಲ್ಲಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಳೆ. ಆ ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಗಂಡಸರು ವರ್ಷಕ್ಕೊಮ್ಮೆ ಪರ್ವತ ದಾಟಿ, ಆಚೆಯ ಎತ್ತರದ ಮರುಭೂಮಿಯಲ್ಲಿ ಮೂರು ದಿನ ಒಣಗಿ ಬರುತ್ತಾರೆ. ಅಲ್ಲಿ ಗಾಳಿ ತೆಳು. ಚೆಂಡು ಹತ್ತು ಗಜ ಹೆಚ್ಚಿಗೆ ಹಾರುತ್ತದೆ, ಅರವತ್ತೆಂಟರ ಗಂಡಸಿಗೆ ಐವತ್ತೆಂಟರ ಭ್ರಮೆ ಬರುತ್ತದೆ. ಭ್ರಮೆಗೂ ಒಂದು ಏರ್ಪಾಡು ಬೇಕಲ್ಲ. ಯಾವ ಮೈದಾನ, ಗೊರಕೆ ಹೊಡೆಯುವ ಕರ್ಟಿಸನಿಗೆ ಯಾವ ಮೂಲೆಯ ಕೋಣೆ, ಯಾವ ಬಂಡೆಯ ಹಿಂದೆ ಬಿದ್ದ ಚೆಂಡನ್ನು ಹಾವಿಗೇ ಬಿಟ್ಟುಬಿಡಬೇಕು, ಎಲ್ಲವೂ ಆ ಫೈಲಿನಲ್ಲಿತ್ತು.

ಅದರ ಮೊದಲ ಪುಟವಂತೂ ವೆಂಡಲನ ಪಾಲಿಗೆ ದೇವರ ಪಟ. ಬಾವುಟ ನೆಟ್ಟ ಕುಳಿಯ ಸುತ್ತ ಜಮಖಾನದಷ್ಟು ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತದೆ, ಅದೇ ಗ್ರೀನ್. ವರ್ಷಕ್ಕೆರಡು ಸಲ, ಬೇರಿಗೆ ಗಾಳಿಯಾಡಲೆಂದು, ಆ ಗ್ರೀನಿಗೆ ಯಂತ್ರದಿಂದ ಸಾವಿರಾರು ತೂತು ಹೊಡೆದು ಮೇಲೆ ಮರಳು ಸುರಿಯುತ್ತಾರೆ. ಆ ವಾರ ಆಡಿದರೆ ಚೆಂಡು ಕುಳಿಯ ಕಡೆ ಉರುಳುವುದಿಲ್ಲ, ಕುಡಿದವನ ಹಾಗೆ ಎಡವುತ್ತ ಎಲ್ಲೋ ಹೋಗುತ್ತದೆ. ತಿಳಿದವರು ಅತ್ತ ತಲೆ ಹಾಕುವುದಿಲ್ಲ. ಆದ್ದರಿಂದಲೇ ವೆಂಡಲ್ ಪ್ರತಿ ಜನವರಿಯಲ್ಲೂ ಮರುಭೂಮಿಯ ಇಪ್ಪತ್ತೆರಡು ಮೈದಾನಗಳಿಗೆ ಒಂದೊಂದಾಗಿ ಫೋನ್ ಮಾಡಿ, ತೂತಿನ ವಾರ ಯಾವಾಗ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಕೋಲು ಹಿಡಿದಾಗ ಸಿಗದ ಮರ್ಯಾದೆ ಅವನಿಗೆ ಈ ಒಂದು ಪುಟದಿಂದ ಸಿಗುತ್ತಿತ್ತು.

ಹೋದ ವರ್ಷ ಮಾತ್ರ ಗ್ರಹಚಾರ ಕೆಟ್ಟಿತು. ಅವನು ಆರಿಸಿದ ಸೆಪ್ಟೆಂಬರ್ ವಾರದಲ್ಲೇ ಕಾಡಿಗೆ ಬೆಂಕಿ ಬಿದ್ದು ಮೂರು ದಿನವೂ ಹೊಗೆ. ಕೆಮ್ಮುತ್ತ ಹೊಡೆದು, ಹೊಡೆಯುತ್ತ ಕೆಮ್ಮಿ, ಕೆಂಗಣ್ಣು ಮಾಡಿಕೊಂಡು ನಾಲ್ವರೂ ವಾಪಸಾದರು. ಕಾಡಿನ ಬೆಂಕಿಗೂ ಫೈಲಿಗೂ ಏನು ಸಂಬಂಧ? ಆದರೆ ಕೆಟ್ಟ ಹೆಸರು ಫೈಲಿಗೇ ಬಂತು.

ಈ ವರ್ಷ ಫೆಬ್ರವರಿಯ ಮೊದಲ ಶನಿವಾರ, ಎಂದಿನಂತೆ, ಪೈ ಎಂಬ ಹಣ್ಣಿನ ಕಡುಬು ಮಾರುವ ಅಂಗಡಿಯಲ್ಲಿ ಸಭೆ ಸೇರಿತು. ಜೀವಮಾನವೆಲ್ಲ ಹುಲ್ಲಿನ ಬೀಜ ಬೆಳೆದ ಆರ್ಲೋ ಓಡೆಗಾರ್ಡ್. ಹೈಸ್ಕೂಲಿನ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದ ಕರ್ಟಿಸ್. ಎರಡು ವರ್ಷದ ಹಿಂದೆ ಗುಂಪಿಗೆ ಸೇರಿದ ಆರ್ಲೋನ ಅಳಿಯ, ದನದ ಡಾಕ್ಟರ್ ಟ್ರೆಂಟ್. ಆರ್ಲೋ ಮೆನುವನ್ನು ಅಳಿಯನ ಕಡೆ ತಳ್ಳಿ, "ಓದು ಮಾರಾಯ, ಕನ್ನಡಕ ಮರ್ತೆ," ಎಂದ. ವೆಂಡಲ್ ಗಂಟಲು ಸರಿಮಾಡಿಕೊಂಡು ಫೈಲಿಗೆ ಕೈ ಹಾಕಿದ.

"ಸ್ವಲ್ಪ ತಡೀರಿ ವೆಂಡಲ್," ಎಂದ ಟ್ರೆಂಟ್. "ಈ ಸಲ ನಾನೇ ಬುಕ್ ಮಾಡ್ಬಿಟ್ಟೆ. ಜುನಿಪರ್ ರಿಮ್. ಮೇ ಮೊದಲ್ನೇ ವಾರ, ಗುರುವಾರದಿಂದ ಶನಿವಾರ. ಅರ್ಧ ರೇಟು."

ವೆಂಡಲನ ಕೈ ಫೈಲಿನ ಮೇಲೆಯೇ ನಿಂತಿತು. "ಮಾಡ್ಬಿಟ್ಟೆ ಅಂದ್ರೆ? ಕೇಳೋದು ಗೀಳೋದು ಏನೂ ಇಲ್ವಾ?"

"ನಾನೇ ಹೇಳಿದ್ದು ಕಣೋ ಅವನಿಗೆ," ಎಂದ ಆರ್ಲೋ. "ಸೆಪ್ಟೆಂಬರ್ ಬೇಡ ಅಂತ. ಇನ್ನೊಂದ್ಸಲ ಹೊಗೆ ಕುಡಿಯೋಕೆ ನನ್ನ ಕೈಲಿ ಆಗಲ್ಲಪ್ಪ."

"ವೆಂಡಲ್ಗೂ ಒಂದು ರಿಟೈರ್ಮೆಂಟ್ ಬೇಡ್ವಾ," ಎಂದ ಕರ್ಟಿಸ್, ಬಾಯಿತುಂಬ ಮ್ಯಾರಿಯನ್‌ಬೆರಿ ಹಣ್ಣಿನ ಪೈ ಇಟ್ಟುಕೊಂಡು. "ಫೈಲನ್ನ ಮ್ಯೂಸಿಯಮ್ಮಿಗೆ ಕೊಡೋಣ. ಗಾಜಿನ ಪೆಟ್ಟಿಗೆ ನಾನು ಕೊಡಿಸ್ತೀನಿ."

ಎಲ್ಲರೂ ನಕ್ಕರು. ವೆಂಡಲನೂ ನಕ್ಕು, ಫೈಲನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡ. ಇಷ್ಟು ಕೆಟ್ಟದಾಗಿ ಆಡುವವನನ್ನು ಫೈಲಿನ ಮುಖ ನೋಡಿ ಕರೆದುಕೊಂಡು ಹೋಗುತ್ತಾರೆ. ಫೈಲಿಲ್ಲದ ವೆಂಡಲನನ್ನು ಎಷ್ಟು ವರ್ಷ ಹೊರುತ್ತಾರೆ? ಟ್ರೆಂಟನಿಗೆ ಆಡುವ ಗೆಳೆಯರು ಬೇಕಾದಷ್ಟು ಜನ ಇದ್ದರು.

ಮನೆಗೆ ಬಂದವನೇ ಮೊದಲ ಪುಟ ತೆರೆದ. ಜುನಿಪರ್ ರಿಮ್‌ನ ಎದುರು ಅವನದೇ ಅಕ್ಷರದಲ್ಲಿತ್ತು: ಮೇ, ಮೊದಲ ಸೋಮವಾರ, ಮಂಗಳವಾರ, ತೂತು. ಕಣ್ಣನ್ನು ನಂಬಲಾರದೆ ಫೋನ್ ಎತ್ತಿದ. ಅಲ್ಲಿನ ಕೌಂಟರಿನ ಡಾರ್ಲೀನ್ ಅವನಿಗೆ ಹತ್ತೊಂಬತ್ತು ವರ್ಷದಿಂದ ಧ್ವನಿಯಲ್ಲೇ ಪರಿಚಯ.

"ಏನೂ ಬದಲಾಗಿಲ್ಲ," ಎಂದಳು ಡಾರ್ಲೀನ್. "ಸೋಮವಾರ ಬೆಳಿಗ್ಗೇನೇ ತೂತು ಹೊಡ್ಯೋಕೆ ಶುರು. ಯಾಕೆ, ಆ ವಾರ ನಿಮ್ಮೋರು ಯಾರೂ ಬರ್ತಿಲ್ಲ ತಾನೆ? ಗೊತ್ತಿಲ್ದೋರು ಬರ್ಲಿ ಅಂತಾನೇ ನಮ್ಮೋರು ಅರ್ಧ ರೇಟು ಇಟ್ಟಿರೋದು."

"ಛೆ ಛೆ. ನಮ್ಮೋರು ಯಾಕೆ ಬರ್ತಾರೆ," ಎಂದ ವೆಂಡಲ್.

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆ ಕ್ಷಣವೇ ಟ್ರೆಂಟನಿಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ಬದಲಿಗೆ ಗ್ಯಾರೇಜಿನಲ್ಲಿ ಕೂತು ಶಿಳ್ಳೆ ಹಾಕುತ್ತ ಹಳೆಯ ಚೆಂಡುಗಳನ್ನು ಒರೆಸಿಟ್ಟ. ಮೊದಲನೇ ಗ್ರೀನ್, ಅದರ ತುಂಬ ತೂತು, ಟ್ರೆಂಟನ ಮುಖ, ಕರ್ಟಿಸ್ ತನ್ನ ಕಡೆ ತಿರುಗಿ "ಮುಂದಿನ ವರ್ಷ ನೀನೇ ನೋಡ್ಕೊಳಪ್ಪ" ಅನ್ನುವುದು, ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಇದು ಸಣ್ಣತನ ಎಂದು ಅವನಿಗೆ ಗೊತ್ತಿತ್ತು. ಸಣ್ಣತನ ಇಷ್ಟೊಂದು ರುಚಿಯಾಗಿರುತ್ತದೆ ಎಂದು ಮಾತ್ರ ಅರವತ್ತೆಂಟು ವರ್ಷ ಗೊತ್ತಿರಲಿಲ್ಲ.

ಹನ್ನೆರಡನೆಯ ದಿನ ಹೆಂಡತಿ ಲೋರ್ನಾ ಗ್ಯಾರೇಜಿನ ಬಾಗಿಲಲ್ಲಿ ಬಂದು ನಿಂತಳು. "ಹನ್ನೆರಡು ದಿನದಿಂದ ಶಿಳ್ಳೆ ಹಾಕ್ತಿದೀಯ. ಯಾರನ್ನ ಹೂತು ಬಂದೆ?"

ಅವನು ಹೇಳಿದ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಲೋರ್ನಾ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ಆ ಹಾಳು ಹುಲ್ಲಿನ ಮೇಲೆ ನೀನೂ ಮೂರು ದಿನ ಆಡ್ತೀಯ. ಎದುರಿನೋರಿಗೆ ಅಪಶಕುನ ಆಗ್ಲಿ ಅಂತ ತನ್ನ ಮೂಗು ತಾನೇ ಕುಯ್ಕೊಂಡ್ರಂತೆ ಯಾರೋ."

"ಅವನು ಫೋನ್ ಮಾಡಿ ಕೇಳ್ಬೇಕಿತ್ತು."

"ಅವನು ಕೇಳ್ಬೇಕಿತ್ತು, ನೀನು ಹೇಳ್ಬೇಕಿತ್ತು. ಊಟಕ್ಕೆ ಮುಂಚೆ ಹೋಗಿ ನೀನೇ ಹೇಳಿ ಬರ್ತೀಯೋ, ಇಲ್ಲಾ ನಾನು ಫೋನ್ ಮಾಡ್ಲೋ?"

ನಲವತ್ತನಾಲ್ಕು ವರ್ಷ ಸಂಸಾರ ಮಾಡಿದವನಿಗೆ ಹೆಂಡತಿಯ ಯಾವ ಪ್ರಶ್ನೆ ಪ್ರಶ್ನೆಯಲ್ಲ ಎಂಬುದು ತಿಳಿದಿತ್ತು. ಕಾರಿನ ಕೀಲಿ ತೆಗೆದುಕೊಂಡು ಹೊರಟ.

ಟ್ರೆಂಟ್ ಅಂಗಳದಲ್ಲಿ ನಿಂತು ಪೈಪಿನ ನೀರಿನಿಂದ ರಬ್ಬರ್ ಬೂಟಿಗೆ ಮೆತ್ತಿದ್ದ ಸಗಣಿ ತೊಳೆಯುತ್ತಿದ್ದ. ವೆಂಡಲ್ ಕಾರಿಳಿದು, ಧೈರ್ಯ ಕೆಡುವ ಮೊದಲೇ ಒಂದೇ ಉಸಿರಿಗೆ ಹೇಳಿಬಿಟ್ಟ.

"ಜುನಿಪರ್ ರಿಮ್ ಕ್ಯಾನ್ಸಲ್ ಮಾಡು. ಅದು ತೂತಿನ ವಾರ. ನಂಗೆ ಹನ್ನೆರಡು ದಿನದಿಂದ ಗೊತ್ತು. ಬೇಕಂತಾನೇ ಹೇಳ್ಲಿಲ್ಲ. ಹೊಟ್ಟೆಕಿಚ್ಚು."

ಟ್ರೆಂಟ್ ನಲ್ಲಿ ನಿಲ್ಲಿಸಿದ. "ತೂತಿನ ವಾರ ಅಂತ ನಂಗೂ ಗೊತ್ತು," ಎಂದ. "ಗೊತ್ತಿದ್ದೇ ತಗೊಂಡೆ."

"ನಿಂಗೆ ತಲೆ ನೆಟ್ಟಗಿದೆಯೇನಪ್ಪ?"

ಟ್ರೆಂಟ್ ಮನೆಯ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದ. "ಮಾವನಿಗೆ ಕಣ್ಣು ಹೋಗ್ತಾ ಇದೆ, ವೆಂಡಲ್. ನಡುಮಧ್ಯ ಮಬ್ಬು. ಅಕ್ಕಪಕ್ಕದ್ದು ಕಾಣುತ್ತೆ, ನೇರ ನೋಡಿದ್ದು ಕಾಣಲ್ಲ. ಸೆಪ್ಟೆಂಬರ್ ಹೊತ್ತಿಗೆ ಬಾವುಟಾನೂ ಕಾಣಲ್ಲ ಅಂದಿದಾರೆ ಡಾಕ್ಟ್ರು. ಯಾರಿಗೂ ಹೇಳ್ಬಾರ್ದು ಅಂತ ನನ್ನ ಕೈಲಿ ಆಣೆ ಮಾಡಿಸಿದಾರೆ."

ಗ್ರೀನಿನ ಮೇಲೆ ಆರ್ಲೋ ರಾಜ. ಹುಲ್ಲಿನ ಜೊತೆ ಬೆಳೆದ ಮನುಷ್ಯ. ಯಾವ ಕಡೆ ಇಳಿಜಾರು, ಯಾವ ಕಡೆ ಏರು ಎಂದು ಒಮ್ಮೆ ಕಣ್ಣಾಡಿಸಿ ಚೆಂಡನ್ನು ಸೀದಾ ಕುಳಿಗೆ ಕಳಿಸುತ್ತಿದ್ದ. ಹತ್ತೊಂಬತ್ತು ವರ್ಷ ಉಳಿದವರು ಬಾಯಿ ಬಿಟ್ಟುಕೊಂಡು ನೋಡಿದ್ದರು.

"ದೂರಕ್ಕೆ ಹೊಡ್ಯೋದು ಹೇಗೋ ಆಗುತ್ತೆ," ಎಂದ ಟ್ರೆಂಟ್. "ಚೆಂಡು ಎಲ್ಲಿ ಬಿತ್ತು ಅಂತ ನಾನು ನೋಡ್ತೀನಿ. ಗ್ರೀನ್ ಮೇಲೆ ಏನ್ಮಾಡ್ಲಿ? 'ಮೂರಡಿ ದೂರದ ಕುಳೀನ ನಾನು ತಪ್ಪಿಸೋದನ್ನ ನೋಡಿ ಆ ಇಬ್ರು ಅಯ್ಯೋ ಪಾಪ ಅನ್ನೋದಾದ್ರೆ ನಾನು ಬರೋದೇ ಇಲ್ಲ' ಅಂದ್ಬಿಟ್ರು. ಅದಕ್ಕೇ ಹುಡುಕಿ ಹುಡುಕಿ ತೂತಿನ ವಾರ ಹಿಡಿದೆ. ಆ ವಾರ ಯಾರು ಹೊಡೆದ್ರೂ ತಪ್ಪುತ್ತೆ. ನಾಲ್ಕೂ ಜನ ನೆಲಕ್ಕೆ ಬಯ್ಕೊಂಡು ಆಡೋದೇ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಹುಡುಗ ಮಾವನಿಗೋಸ್ಕರ ನಿಜವಾಗಿಯೂ ಡೊಂಕಾದ ನೆಲವನ್ನೇ ಹುಡುಕಿ ತಂದಿದ್ದ. ವೆಂಡಲನಿಗೆ ನಾಚಿಕೆಯಾಯಿತು. ಆ ಪುಟವನ್ನು ಹತ್ತೊಂಬತ್ತು ವರ್ಷ ಕಾಪಾಡಿಕೊಂಡು ಬಂದವನಿಗೆ, ಅದನ್ನು ಹೀಗೂ ಓದಬಹುದು ಎಂದು ಹೊಳೆದಿರಲೇ ಇಲ್ಲ.

"ಆರ್ಲೋಗೆ ಗೊತ್ತಾ ಇದು?"

"ಗೊತ್ತಾದ್ರೆ ಬರ್ತಾರಾ? ನಂಗೆ ಇದ್ದ ಭಯ ಒಂದೇ, ಅದು ನೀವು. ಫೋನ್ ಮಾಡೇ ಮಾಡ್ತೀರ, ಎಲ್ರ ಮುಂದೆ ಹೇಳೇ ಹೇಳ್ತೀರ ಅಂತ ದಿನಾ ಎದೆ ಹೊಡ್ಕೋತಿತ್ತು. ನೀವು ಸುಮ್ನಿದ್ರಿ. ದೊಡ್ಡ ಉಪಕಾರ ಆಯ್ತು."

ತನ್ನ ಹೊಟ್ಟೆಕಿಚ್ಚಿಗೆ ಯಾರಾದರೂ ಕೃತಜ್ಞತೆ ಹೇಳುವ ದಿನ ಬರುತ್ತದೆಂದು ವೆಂಡಲ್ ಕನಸಿನಲ್ಲೂ ಎಣಿಸಿರಲಿಲ್ಲ. "ಇನ್ನೂ ಸುಮ್ನಿರ್ಬೇಕಾ?" ಎಂದು ಕೇಳಿದ.

"ಇರ್ಬೇಕು. ಆಮೇಲೆ ಮೊದಲ್ನೇ ಗ್ರೀನ್ ನೋಡಿ ನಂಗೆ ಬಯ್ಬೇಕು. ಅನುಮಾನ ಬರದ ಹಾಗೆ ಬಯ್ಬೇಕು."

"ಅದಕ್ಕೇನು, ಮನಸಾರೆ ಬಯ್ತೀನಿ," ಎಂದ ವೆಂಡಲ್.

ಮೇ ತಿಂಗಳ ಆ ಗುರುವಾರ ಮರುಭೂಮಿಯ ಆಕಾಶ ತೊಳೆದಿಟ್ಟ ಹಾಗಿತ್ತು. ಮೊದಲನೇ ಗ್ರೀನಿಗೆ ಬಂದಾಗ ನೆಲದ ತುಂಬ ತೂತು, ತೂತಿನ ತುಂಬ ಮರಳು. ವೆಂಡಲ್ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡದ್ದನ್ನು ಶುರುಮಾಡಿದ.

"ಇದು ಗ್ರೀನಾ ಟ್ರೆಂಟ್? ಇದು ಜರಡಿ. ಅರ್ಧ ರೇಟು ಅಂದ ತಕ್ಷಣ ಬಾಯಿ ಬಿಟ್ಕೊಂಡು ಹೋದ್ಯಲ್ಲ, ಯಾಕೆ ಅರ್ಧ ಅಂತ ಒಂದು ಮಾತು ಕೇಳಿದ್ಯಾ? ಹಸು ಬೇನೆ ತಿನ್ನುವಾಗ್ಲೂ ಹಿಂಗೇ ಯೋಚ್ನೆ ಮಾಡ್ದೆ ಕೈ ಹಾಕ್ತೀಯಾ?"

ಟ್ರೆಂಟ್ ತಲೆ ತಗ್ಗಿಸಿ ನಿಂತ. ಆರ್ಲೋ ಮೊಣಕಾಲೂರಿ, ಅಂಗೈಯಿಂದ ಹುಲ್ಲು ಸವರಿ, "ಮೂರು ದಿನ ಆಗಿದೆ ತೂತು ಹೊಡೆದು," ಎಂದ. ಅವನ ಮುಖದಲ್ಲಿ ಬೇಸರಕ್ಕಿಂತ ನಿರಾಳವೇ ಹೆಚ್ಚಿದ್ದಂತೆ ವೆಂಡಲನಿಗೆ ಕಂಡಿತು. ಎಲ್ಲ ಅಂದುಕೊಂಡ ಹಾಗೇ ನಡೆಯುತ್ತಿತ್ತು. ಅಷ್ಟರಲ್ಲಿ ಕರ್ಟಿಸ್ ಬಾಯಿ ತೆರೆದ.

"ಅಲ್ಲ ವೆಂಡಲ್, ನೀನು ಪ್ರತಿ ಜನವರೀಲೂ ಎಲ್ಲಾ ಕಡೆಗೂ ಫೋನ್ ಮಾಡ್ತೀಯಲ್ಲ. ಇಲ್ಲಿಗೆ ಮಾಡಿರ್ಲಿಲ್ವಾ?"

ಈ ಪ್ರಶ್ನೆಗೆ ವೆಂಡಲ್ ಅಭ್ಯಾಸ ಮಾಡಿಕೊಂಡಿರಲಿಲ್ಲ. ಆರ್ಲೋ ಕೂಡ ತಲೆಯನ್ನು ಸ್ವಲ್ಪ ಓರೆ ಮಾಡಿ, ಈಚೆಗೆ ಅವನು ನೋಡುವ ಹಾಗೆ, ಇವನ ಕಡೆ ನೋಡಿದ. ಮಾಡಿದ್ದೆ ಅಂದರೆ, ಮತ್ತೆ ಯಾಕೆ ಹೇಳಲಿಲ್ಲ ಅನ್ನುತ್ತಾನೆ ಕರ್ಟಿಸ್. ಆರ್ಲೋ ದಡ್ಡನಲ್ಲ, ಒಂದು ಎಳೆ ಸಿಕ್ಕರೆ ಸಾಕು, ಪೂರ್ತಿ ಬಿಚ್ಚುತ್ತಾನೆ, ಮಧ್ಯಾಹ್ನದೊಳಗೆ ಮನೆಯ ದಾರಿ ಹಿಡಿಯುತ್ತಾನೆ. ಇತ್ತ, ಈ ಹುಲ್ಲುಗಾವಲಿನಲ್ಲಿ ವೆಂಡಲನಿಗಿದ್ದ ಮರ್ಯಾದೆ ಒಂದೇ ಒಂದು: ಫೋನ್ ಮಾಡುವುದನ್ನು ಅವನು ಎಂದೂ ಮರೆತವನಲ್ಲ.

"ಮರ್ತೆ ಕಣೋ," ಎಂದ ವೆಂಡಲ್. "ಈ ವರ್ಷ ಮರ್ತೇಬಿಟ್ಟೆ."

ಕರ್ಟಿಸ್ ತಮಾಷೆ ಮಾಡಲೆಂದು ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡ. ಟ್ರೆಂಟ್ ತನ್ನ ಬೂಟು ನೋಡುತ್ತ ನಿಂತ. ಆರ್ಲೋ ಎದ್ದು, ಮೊಣಕಾಲಿನ ಮರಳು ಕೊಡವಿಕೊಂಡು, ಹತ್ತಿರ ಬಂದು ವೆಂಡಲನ ಭುಜದ ಮೇಲೆ ಕೈಯಿಟ್ಟ. ಅವನ ದನಿಯ ತುಂಬ ಕನಿಕರ.

"ಹೋಗ್ಲಿ ಬಿಡೋ," ಎಂದ. "ವಯಸ್ಸಾದ್ಮೇಲೆ ಎಲ್ಲಾ ಒಂದೊಂದಾಗಿ ಹೋಗುತ್ತೆ. ಅದನ್ನೆಲ್ಲ ಮನಸ್ಸಿಗೆ ಹಚ್ಕೋಬಾರ್ದು. ಮುಂದಿನ ವರ್ಷದಿಂದ ಫೋನ್ ಮಾಡೋದನ್ನ ನಾನು ನಿಂಗೆ ಜ್ಞಾಪಿಸ್ತೀನಿ."

"ಜ್ಞಾಪಿಸು," ಎಂದ ವೆಂಡಲ್.

ಆರ್ಲೋ ಕೋಲು ಹಿಡಿದು ಚೆಂಡು ತಟ್ಟಿದ. ಅದು ಎರಡು ಸಲ ಎಡವಿ, ಕುಳಿಯಿಂದ ಒಂದು ಮೊಳ ಆಚೆಗೆ ಹೋಗಿ ನಿಂತಿತು. ನಾಲ್ವರೂ ಸೇರಿ ನೆಲಕ್ಕೆ ಮನಸಾರೆ ಬಯ್ದರು. ಆಮೇಲೆ ಸರದಿ ವೆಂಡಲನದು. ಅಷ್ಟೇ ಹತ್ತಿರದ ಕುಳಿಗೆ ಚೆಂಡನ್ನು ಸೇರಿಸಲು ಅವನು ಆರು ಸಲ ಹೊಡೆದ.