ಗಾಜಿನ ಮೇಲಿನ ಉಸಿರು

ನಮ್ಮ ಬೀದಿಯಲ್ಲಿ ಬಿಳಿ ಅಂಗಿಗೆ ಆಯಸ್ಸು ಕಡಿಮೆ. ಬೆಳಿಗ್ಗೆ ಒಗೆದು ಹಾಕಿದರೆ ಸಂಜೆಗೆ ಬೂದಿ ಬಣ್ಣ. ಬೀದಿಯ ಕೊನೆಗೆ ಸಿಮೆಂಟ್ ಕಾರ್ಖಾನೆ ಇದೆ. ಅದರ ಧೂಳು ಅಟ್ಟದ ಪಾತ್ರೆಯನ್ನೂ ಬಿಡುವುದಿಲ್ಲ, ಮಕ್ಕಳ ಎದೆಯನ್ನೂ ಬಿಡುವುದಿಲ್ಲ.

ಮೊದಲು ಪ್ರತಿ ಬುಧವಾರ ಬೆಳಿಗ್ಗೆ ನಾವು ಕಾರ್ಖಾನೆಯ ಗೇಟಿನ ಮುಂದೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಲ್ಲುತ್ತಿದ್ದೆವು. ಕೂಗಾಟವಿಲ್ಲ, ಕಲ್ಲು ತೂರಾಟವಿಲ್ಲ. ಆಮೇಲೆ ಬಸ್ ಹತ್ತಿ ಕೆಲಸಕ್ಕೆ ಹೋಗುತ್ತಿದ್ದೆವು. ಒಂದು ದಿನ ಸರ್ಕಾರದ ಆದೇಶ ಬಂತು: ಗೇಟಿನ ಮುಂದೆ ಯಾರೂ ಸೇರುವಂತಿಲ್ಲ. ಇಬ್ಬರನ್ನು ಠಾಣೆಗೆ ಕರೆದೊಯ್ದು ಸಂಜೆಯವರೆಗೆ ಕೂರಿಸಿದರು. ಅಂದಿನಿಂದ ಬೀದಿಯೇ ಬಾಯಿಗೆ ಬೀಗ ಹಾಕಿಕೊಂಡಿತು. ಟೀ ಅಂಗಡಿಯಲ್ಲಿ ಯಾರಾದರೂ ಕೆಮ್ಮಿದರೆ, ಅದೂ ಪ್ರತಿಭಟನೆ ಎನಿಸೀತೆಂದು ಉಳಿದವರು ಎದ್ದು ಹೋಗುತ್ತಿದ್ದರು. ಮನೆಗಳಲ್ಲಿ ಜನ ದಿಂಬಿಗೆ ಮುಖ ಒತ್ತಿಕೊಂಡು ಕೆಮ್ಮತೊಡಗಿದರು.

ಆಗ ಬಸ್ಸಿನ ಕಿಟಕಿಗಳು ಮಾತಾಡಲು ಶುರು ಮಾಡಿದವು.

ನಮ್ಮ ಪಕ್ಕದ ಮನೆಯವನು ಡಿಪೋದಲ್ಲಿ ಬಸ್ ತೊಳೆಯುತ್ತಾನೆ. ಎಲ್ಲರಿಗೂ ಅವನು ಬಕೆಟಣ್ಣ. ಸಾಹೇಬರಿಗೆ ಹಿಡಿಯುವ ಬಕೆಟ್ ಅಲ್ಲ ಮತ್ತೆ, ನಿಜವಾದ ನೀರಿನ ಬಕೆಟ್. ಕೆಲಸದಲ್ಲಿ ಅಚ್ಚುಕಟ್ಟು, ಧೈರ್ಯದಲ್ಲಿ ಅಷ್ಟಕ್ಕಷ್ಟೇ. ಪೈಪು ಹಿಡಿದು ಗಾಜು ಫಳಫಳ ಹೊಳೆಯುವಂತೆ ತೊಳೆದು ಬಸ್ ಕಳಿಸುತ್ತಿದ್ದ. ಬಸ್ ನಮ್ಮ ಬೀದಿ ದಾಟುವಷ್ಟರಲ್ಲಿ ಕಿಟಕಿಗಳ ಮೇಲೆಲ್ಲ ಅಕ್ಷರಗಳು: “ಉಸಿರಾಡಲು ಬಿಡಿ.” ಬಸ್ ಖಾಲಿಯಾಗಿ ಡಿಪೋಗೆ ವಾಪಸಾದರೆ ಗಾಜಿನಲ್ಲಿ ಏನೂ ಇರುತ್ತಿರಲಿಲ್ಲ.

ಡಿಪೋ ಮ್ಯಾನೇಜರ್ ಅವನನ್ನು ಕರೆಸಿದ. “ಬರೆಯೋರ ಹೆಸರು ತಂದುಕೊಡು. ಇಲ್ಲಾಂದ್ರೆ ಸೋಮವಾರದಿಂದ ನೀನು ಬರೋದೇ ಬೇಡ.”

ಬಕೆಟಣ್ಣ ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ. “ಪ್ರತಿಭಟನೆ ಗಿತಿಭಟನೆ ಅಂತ ನಮ್ಮ ಹೊಟ್ಟೆ ಮೇಲೆ ಹೊಡೀತಿದಾರೆ! ಸರ್ಕಾರ ಬೇಡ ಅಂದ್ಮೇಲೆ ತೆಪ್ಪಗಿರೋಕೆ ಏನು ರೋಗ ಇವರಿಗೆ?”

“ರೋಗ ಇರೋದು ಮಗಳಿಗೆ ರೀ. ಕೇಳ್ತಿಲ್ವಾ?”

ಒಳಗೆ ಹುಡುಗಿ ದಿಂಬಿನಲ್ಲಿ ಮುಖ ಹುದುಗಿಸಿ ಕೆಮ್ಮುತ್ತಿದ್ದಳು. ಅವನು ಟಿವಿಯ ಸದ್ದು ಜೋರು ಮಾಡಿದ.

ಮರುದಿನ ಬೆಳಿಗ್ಗೆ, ಬರೆಯುವವರನ್ನು ಹಿಡಿದೇ ತೀರುತ್ತೇನೆಂದು ತಾನೇ ತೊಳೆದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ. ನಾನು ಅವನ ಹಿಂದಿನ ಸೀಟಿನಲ್ಲಿದ್ದೆ. ಕೊರೆಯುವ ಚಳಿ, ಕಿಟಕಿಗಳೆಲ್ಲ ಮುಚ್ಚಿದ್ದವು. ಬೀದಿಯವರು ಒಬ್ಬೊಬ್ಬರೇ ಹತ್ತಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರ ಕೈಗಳೂ ಮಡಿಲಲ್ಲಿದ್ದವು. ಬಕೆಟಣ್ಣ ಆ ಕೈಗಳನ್ನೇ ಕಣ್ಣು ಮಿಟುಕಿಸದೆ ಕಾದ. ಒಂದು ಬೆರಳೂ ಅಲುಗಲಿಲ್ಲ.

ಆದರೂ ಮುಂದಿನ ಗಾಜಿನಲ್ಲಿ ಒಂದು ಅಕ್ಷರ ಮೂಡಿತು. ಅದರ ಹಿಂದೆ ಇನ್ನೊಂದು. ಎದುರು ಸಾಲಿನಲ್ಲಿ, ಹಿಂದೆ, ಬಾಗಿಲ ಬಳಿ, ತಾವಾಗಿಯೇ ಮೂಡುತ್ತಾ ಹೋದವು. ಬಕೆಟಣ್ಣ ತನ್ನ ಕಿಟಕಿಗೆ ತಿರುಗಿದ. ಅಕ್ಷರಗಳು ಅವನ ಮೂಗಿನ ಮುಂದೆಯೇ ಇದ್ದವು. ಉಸಿರು ಬಿಗಿಹಿಡಿದ. ಮಸುಕಾದವು. ತಡೆಯಲಾರದೆ ಉಸಿರು ಬಿಟ್ಟ. ಮತ್ತೆ ಬಂದವು.

“ಅಕ್ಕಾ! ಬಸ್ಸಿಗೆ ದೆವ್ವ ಹೊಕ್ಕಿದೆ!”

ಕಂಡಕ್ಟರಕ್ಕ ನಮ್ಮ ಬೀದಿಯವಳೇ. ಟಿಕೆಟ್ ಹರಿಯುತ್ತಾ ಬಂದಳು. “ದೆವ್ವನೂ ಇಲ್ಲ ಗಿವ್ವನೂ ಇಲ್ಲ ಕಣಪ್ಪಾ. ಬುಧವಾರ ಗೇಟಿಂದ ಬಂದೋರು ಗಾಜಿನ ಮೇಲೆ ಬೆರಳಲ್ಲಿ ಬರೀತಿದ್ರು. ಆ ಜಿಡ್ಡು ಹಾಗೇ ಉಳಿದಿದೆ. ನೀನು ತೊಳೆಯೋದು ಹೊರಗಡೆ, ಬರೆದಿರೋದು ಒಳಗಡೆ. ಈಗ ಚಳಿಗೆ ಕಿಟಕಿ ಮುಚ್ಚಿರ್ತೀವಲ್ಲ, ಉಸಿರು ತಾಗಿದ್ರೆ ಕಾಣತ್ತೆ. ಆದೇಶ ಬಂದ ಮೇಲೆ ಯಾರೂ ಬರೆದೇ ಇಲ್ಲ.”

“ಹಾಗಾದ್ರೆ ಯಾರ ಹೆಸರು ಕೊಡ್ಲಿ?”

“ಈಗ ಮೂಡಿಸಿದ್ದು ನೀನೇ ಅಲ್ವಾ? ನಿನ್ನ ಹೆಸರೇ ಕೊಡು.”

“ತಮಾಷೆ ಬೇಡಕ್ಕಾ. ಬಾಯಿ ಬಿಟ್ರೆ ಒಳಗೆ ಹಾಕ್ತಾರೆ. ಆದೇಶ ಇದೆ.”

“ಆದೇಶ ಓದಿದೀಯಾ?”

ಬಕೆಟಣ್ಣ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ.

“ನಾನು ಓದಿದೀನಿ. ಗೇಟಿನ ಮುಂದೆ ಸೇರಬೇಡಿ ಅಂತಿದೆ. ಬಸ್ಸಲ್ಲಿ ಮಾತಾಡಬೇಡಿ ಅಂತಿಲ್ಲ, ಮನೇಲಿ ಕೆಮ್ಮಬೇಡಿ ಅಂತಿಲ್ಲ. ಅವರು ಒಂದು ಬಾಗಿಲು ಮುಚ್ಚಿದ್ರು, ಮಿಕ್ಕಿದ್ದನ್ನೆಲ್ಲ ನಾವೇ ಮುಚ್ಕೊಂಡ್ವಿ. ಬೇರೆ ಜಾಗದಲ್ಲಿ ನಿಲ್ತೀವಿ ಅಂತ ಅನುಮತಿ ಕೇಳಬಹುದು. ಕೊಡದಿದ್ರೆ ಕಾರಣ ಬರೆದುಕೊಡಿ ಅನ್ನಬಹುದು. ಆದೇಶನೇ ಸರಿಯಿಲ್ಲ ಅಂತ ಕೋರ್ಟಿಗೂ ಹೋಗಬಹುದು. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಉಚಿತ ಕಾನೂನು ನೆರವು ಕೇಳೋಣ.”

ಅಂದೇ ಬಕೆಟಣ್ಣ ಸೋಪು ಹಾಕಿ ಬಸ್ಸಿನ ಗಾಜನ್ನೆಲ್ಲ ಒಳಗಡೆಯಿಂದ ಉಜ್ಜಿದ. ಮ್ಯಾನೇಜರ್ ಮುಂದೆ ನಿಂತು, “ಈಗ ಬರೆಯೋರು ಯಾರೂ ಇಲ್ಲ ಸಾರ್. ಹೇಳೋನು ಒಬ್ಬ ಇದಾನೆ, ನಾನು” ಎಂದ. ಮ್ಯಾನೇಜರ್ ಅವನನ್ನು ದಿಟ್ಟಿಸಿ ನೋಡಿದ. ಏನೋ ಹೇಳಹೊರಟು ಕೆಮ್ಮು ಬಂದು, “ಹೋಗು, ಬಸ್ ತೊಳಿ” ಎಂದಷ್ಟೇ ಹೇಳಿದ.

ಮರುದಿನ ಬಕೆಟಣ್ಣ ಹೆಂಡತಿಯ ಜೊತೆ ಬಸ್ ಹತ್ತಿದ. ಕಿಟಕಿಗಳೆಲ್ಲ ಬರೀ ಬೆಳ್ಳಗೆ ಮಂಜಾದವು. ಅಕ್ಷರವೇ ಇಲ್ಲ. ಅದು ಇನ್ನೂ ಭಯಂಕರವಾಗಿತ್ತು, ನಾವೆಲ್ಲ ಸತ್ತು ಕೂತಂತೆ. ಆಗ ಬಕೆಟಣ್ಣ ಗಂಟಲು ಸರಿಮಾಡಿಕೊಂಡು ಹೇಳಿದ: “ಉಸಿರಾಡೋಕೆ ಬಿಡಿ.” ಅವನ ಹೆಂಡತಿ ಹೇಳಿದಳು. ಆಮೇಲೆ ನಾನು. ಬಸ್ ಕೊನೆಯ ನಿಲ್ದಾಣ ಮುಟ್ಟುವಷ್ಟರಲ್ಲಿ ಅರ್ಜಿಗೆ ಯಾರ‍್ಯಾರು ಸಹಿ ಹಾಕುವುದೆಂದು ಮಾತಾಗಿತ್ತು.

ಅನುಮತಿ ಇನ್ನೂ ಬಂದಿಲ್ಲ. ಕಾರಣ ಕೇಳಿದ್ದೇವೆ, ಬಿಡುವುದಿಲ್ಲ. ಬಕೆಟಣ್ಣನ ಮಗಳು ಈಗ ದಿಂಬು ಪಕ್ಕಕ್ಕಿಟ್ಟು ಕೆಮ್ಮುತ್ತಾಳೆ. ಬೀದಿಯವರೆಲ್ಲ ಕೇಳಿಸಿಕೊಳ್ಳುತ್ತೇವೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬೀದಿಗೂ ಇಂಥ ಆದೇಶ ಬಂದಿದ್ದರೆ ಮೊದಲು ಅದನ್ನು ಕೇಳಿ ಪಡೆದು ಓದಿ. ಅದರಲ್ಲಿಲ್ಲದ ಭಯವನ್ನು ನೀವಾಗಿ ಸೇರಿಸಬೇಡಿ. ಶಾಂತಿ ಬಿಡಬೇಡಿ, ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರ ಜೊತೆ ಇವತ್ತೇ ಮಾತಾಡಿ. ನಾಳೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ, ಗಾಜಿನ ಮೇಲೆ ಒಮ್ಮೆ ಉಸಿರು ಬಿಟ್ಟು ನೋಡಿ. ನಿಮಗಿಂತ ಮೊದಲು ಅಲ್ಲಿ ಕೂತವರು ಏನೋ ಹೇಳಲು ಹೊರಟಿದ್ದಿರಬಹುದು.