ತುಟಿ ತಾಗಿದ ಚೊಂಬು

ನಮ್ಮತ್ತೆ ವೆಳ್ಳೈಯಮ್ಮಾಳ್ ನೀರು ಕುಡಿಯುವುದನ್ನು ನೋಡಬೇಕಿತ್ತು. ಚೊಂಬನ್ನು ಗೇಣೆತ್ತರಕ್ಕೆ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಒಂದು ಹನಿಯೂ ಗಲ್ಲಕ್ಕೆ ತಾಗದಂತೆ ಗಂಟಲಿಗೆ ಸುರಿದುಕೊಳ್ಳುತ್ತಿದ್ದರು. ತುಟಿ ತಾಗಿದರೆ ಎಂಜಲು, ಎಂಜಲಾದ ಪಾತ್ರೆ ಒಳಗೆ ಬರಕೂಡದು. ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ನಮ್ಮ ಕನ್ನಡದ ಮನೆಗಳೆಲ್ಲ ಎಂಜಲು ನೋಡುವವೇ, ಆದರೆ ನಮ್ಮತ್ತೆಯಷ್ಟು ನೋಡಿದವರಿಲ್ಲ.

ನಾನು ಮದುವೆಯಾಗಿ ಬಂದ ಮೂರನೆಯ ದಿನ, ಹೊಲದಿಂದ ಬಾಯಾರಿ ಬಂದವಳು ಹಿತ್ತಾಳೆ ಚೊಂಬಿಗೆ ಬಾಯಿ ಹಚ್ಚಿ ಕುಡಿದುಬಿಟ್ಟೆ. ಆಂಡಿಪಟ್ಟಿ ಕಡೆಯ ನನ್ನ ತವರಲ್ಲಿ ನೀರಿಗೇ ಬರ. ಮೇಲಿಂದ ಸುರಿದು ಚೆಲ್ಲಿದರೆ ಅಲ್ಲಿ ಬೈಗುಳ. ಅತ್ತೆ ಬೈಯಲಿಲ್ಲ. ಎರಡೇ ಬೆರಳಲ್ಲಿ ಚೊಂಬನ್ನೆತ್ತಿ, ಎಲ್ಲರ ಕಣ್ಣೆದುರಿಗೆ ತಿಪ್ಪೆಗೆ ಎಸೆದರು. ಅದು ಕಲ್ಲಿಗೆ ಬಡಿದು ಒಂದು ಕಡೆ ನೆಗ್ಗಿತು. ಸಂಜೆ ಅದನ್ನು ಹೆಕ್ಕಿ ತಂದು, ಹುಣಸೆಹಣ್ಣು ಹಾಕಿ ಉಜ್ಜಿ, ಕೊಟ್ಟಿಗೆಯ ಅಟ್ಟದಲ್ಲಿ ಬಚ್ಚಿಟ್ಟೆ. ಹತ್ತೊಂಬತ್ತು ವರ್ಷ ಯಾರಿಗೂ ಕಾಣದಂತೆ ಅದರಲ್ಲೇ ತುಟಿ ಹಚ್ಚಿ ಕುಡಿದೆ. ಹಟ ಅಂದರೆ ಹಟ.

ಮೇಲೆ ಘಟ್ಟದಲ್ಲಿ ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದ ವರ್ಷ ಅತ್ತೆಯ ಎಡಗೆನ್ನೆಯೊಳಗೆ ಗಂಟಾಯಿತು. ಎಲೆ, ಹೊಗೆಸೊಪ್ಪು ಅದುಮಿಟ್ಟುಕೊಳ್ಳುತ್ತಿದ್ದ ಜಾಗ ಅದು. ಗಂಟು ಒಡೆದು ಹುಣ್ಣಾಯಿತು. ಪೆರಿಯಕುಳಂನಿಂದ ಬಂದ ವೈದ್ಯರು ಅರ್ಬುದ, ಮಾಂಸ ತಿನ್ನುವ ಗಂಟು, ಎಂದರು. ಹುಣ್ಣಿಗೆ ಪಾಷಾಣದ ಲೇಪ, ಹೊಟ್ಟೆಗೆ ಪಾದರಸದ ಗುಳಿಗೆ. ಹತ್ತು ದಿನಕ್ಕೆ ಗಂಟು ಕಪ್ಪಗೆ ಸುಟ್ಟು ಉದುರಿತು.

ರೋಗ ಹೋಯಿತು, ಔಷಧಿಯ ಕಾಟ ಶುರುವಾಯಿತು. ಒಸಡು ಊದಿತು, ಎರಡು ಹಲ್ಲು ಬಿದ್ದವು, ನಾಲಗೆ ಬಾಯಿ ತುಂಬ ದಪ್ಪವಾಯಿತು. ಜೊಲ್ಲು ನಿಲ್ಲಲೇ ಇಲ್ಲ. ವೈದ್ಯರು ನನ್ನ ಗಂಡ ಮೂಕಯ್ಯನಿಗೆ ಹೇಳಿದರು, "ಪಾದರಸ ಮೈಗೆ ಹಿಡಿದರೆ ಹಾಗೇ. ಗಂಜಿ ಇಳಿದರೆ ಬದುಕ್ತಾರೆ. ಇಳೀದಿದ್ರೆ ಔಷಧಿಯೇ ತಿಂದುಹಾಕುತ್ತೆ."

ಇಳಿಯಬೇಕಲ್ಲ. ಅತ್ತೆ ಎಂದಿನಂತೆ ಚೊಂಬನ್ನು ಮೇಲೆತ್ತಿದರು. ನಾಲಗೆ ದಾರಿ ಬಿಡಲಿಲ್ಲ. ಗಂಜಿ ಅರ್ಧ ಮೂಗಿಗೇರಿತು, ಅರ್ಧ ಸೀರೆಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ, ಇಲ್ಲಿ ಬಾಯಿಗೆ ಬಂದದ್ದೂ ದಕ್ಕಲಿಲ್ಲ.

"ತುಟಿ ಹಚ್ಚಿ ಮೆಲ್ಲಗೆ ಹೀರಿ ಅತ್ತೆ," ಎಂದೆ.

"ನಾನಾ? ಸೆಂಬಿಗೆ ತುಟಿ ಹಚ್ಚೋದಾ?" ಎಂದು ಗೋಡೆ ಕಡೆ ತಿರುಗಿದರು.

ಮಗುವಿಗೆ ಹಾಲು ಹಾಕುವ ಒಳಲೆ ತಂದೆ. ಅದರ ಮೂತಿಯೂ ತುಟಿಗೆ ತಾಗುತ್ತದೆಂದು ತಳ್ಳಿದರು. ನನ್ನ ಗಂಡ ಅವರ ಕಾಲು ಹಿಡಿದುಕೊಂಡ. "ಹಾಲಾದ್ರೂ ಕುಡಿಯಮ್ಮಾ."

"ಮನೆಯೆಲ್ಲಾ ಎಂಜಲು ಮಾಡ್ಕೊಂಡು ಬದುಕೋದ್ಕಿಂತ ಹೋಗೋದು ವಾಸಿ," ಎಂದರು.

ಹೀಗೆ ಐದು ದಿನ, ಮೇಲಿಂದ ಹನಿಸಿದ ನಾಲ್ಕು ಹನಿ ನೀರಲ್ಲೇ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ನನ್ನ ಮನಸ್ಸಿಗೆ ಬಂತು, ಸುಳ್ಳೇಕೆ ಹೇಳಲಿ. ಆರನೆಯ ದಿನ ಬೆಳಿಗ್ಗೆ ಅವರ ಕೈಯಿಂದ ಬಳೆ ತಾನಾಗಿ ಜಾರಿ ಚಾಪೆಯ ಮೇಲೆ ಬಿತ್ತು. ನನ್ನ ಮೊದಲ ಮಗು ಹೆರಿಗೆಯಲ್ಲೇ ಹೋದಾಗ ನಲವತ್ತು ದಿನ ನನ್ನ ಬೆನ್ನಿಗೆ ಬಿಸಿನೀರು ಹೊಯ್ದ ಕೈ ಅದು. ನನಗೆ ಹೆದರಿಕೆಯಾಯಿತು.

ಅಟ್ಟದಿಂದ ಚೊಂಬನ್ನಿಳಿಸಿ, ಸಾಮೆ ಗಂಜಿಯನ್ನು ತೆಳ್ಳಗೆ ಮಾಡಿ ತುಂಬಿದೆ. ಅತ್ತೆಯ ಎದುರಿಗೇ ಕೂತು, ಅಂಚಿಗೆ ತುಟಿ ಹಚ್ಚಿ, ಸೊರ್ ಎಂದು ಒಂದು ಗುಟುಕು ಹೀರಿದೆ. ಅವರ ಕಣ್ಣು ದೊಡ್ಡದಾಯಿತು.

"ಇದು ಹತ್ತೊಂಬತ್ತು ವರ್ಸದಿಂದ ನನ್ನ ಎಂಜ್ಲು. ನೀವು ಬಾಯಿ ಹಚ್ಚಿದ್ರೆ ಇನ್ನು ಕೆಡೋಕೆ ಇದ್ರಾಗೆ ಏನೈತೆ?"

ಅತ್ತೆಯ ದೃಷ್ಟಿ ಚೊಂಬಿನ ನೆಗ್ಗಿಗೆ ಹೋಯಿತು. ಗುರುತು ಹತ್ತಿತು.

"ಇದ ತಿಪ್ಪೆಗೆ ಎಸೆದಿದ್ದೆ."

"ಎಸೆದ್ರಿ. ನಾನು ಎತ್ಕೊಂಡೆ."

"ಅವತ್ತಿಂದ್ಲೂ ಇದ್ರಾಗೇ ಕುಡೀತಿದ್ಯಾ?"

"ಹೂಂ."

ಮತ್ತೆ ಎಸೆಯುತ್ತಾರೆ ಎಂದುಕೊಂಡೆ. ಸಿಟ್ಟಿತ್ತು, ಎಸೆಯಲು ತೋಳಲ್ಲಿ ಬಲವಿರಲಿಲ್ಲ. ಕೊನೆಗೆ ಚೊಂಬಿಗೆ ಎರಡೂ ಕೈ ಚಾಚಿದರು.

ಮೊದಲ ಗುಟುಕಿಗೆ ಕಣ್ಣು ಮುಚ್ಚಿಕೊಂಡರು. ಜೊಲ್ಲು ಗಂಜಿಗೆ ಇಳಿಯಿತು, ಗಂಜಿ ಗಂಟಲಿಗೆ ಇಳಿಯಿತು. ಎರಡು ಹಸುವಿನ ಹಾಲು ಕರೆಯುವಷ್ಟು ಹೊತ್ತು ಹಿಡಿಯಿತು. ಚೊಂಬು ಬರಿದಾಯಿತು.

ನಾನು ಅದನ್ನು ತೆಗೆದುಕೊಂಡು ಎದ್ದೆ.

"ಎಲ್ಲಿಗೆ ತಕ್ಕೊಂಡೋಗ್ತೀಯೇ?" ಎಂದರು.

"ತೊಳೆದು ಅಟ್ಟದಾಗೆ ಇಡೋಕೆ."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಬ್ಯಾಡ. ಒಳಗೆ ಇಡು."